ಎಸ್ಸೆಸ್ಸೆಲ್ಸಿ ಪಾಸಾಯ್ತಾ? ಮೊದ್ಲು ಮಾರ್ಕ್ಸ್ ಕಾರ್ಡಲ್ಲಿ ಹೆಸರು ಸರಿ ಇದ್ಯಾ ನೋಡ್ಕೊಳಿ

ಪಾಸಾದ ಎಲ್ಲಾ ಮಕ್ಕಳಿಗೂ ಶಾಭಾಶ್. 625ಕ್ಕೆ 620 ತಗೊಂಡೋರಿಗೂ, ಗಣಿತದಲ್ಲಿ ಅಲ್ಲಿಂದಲ್ಲಿಗೆ ಪಾಸಾಗಿ ಗಣಪತಿಗೆ ತೆಂಗಿನಕಾಯಿ ಒಡೆದೋರಿಗೂ ಒಂದೇ ಶಾಭಾಶ್, ಯಾಕಂದ್ರೆ ಆ ಎರಡನೇ ಗುಂಪು ಎಷ್ಟು ಒದ್ದಾಡಿರತ್ತೆ ಅಂತ ಮೊದಲನೇ ಗುಂಪಿಗೆ ಗೊತ್ತಿರಲ್ಲ, ನಂಗೊತ್ತು, ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟವಳು ನಾನು. ರಿಸಲ್ಟ್ ಬಂದಾಗಿಂದ ಈ ಅಂಕಣಕ್ಕೆ ಪತ್ರ, ವಾಟ್ಸಾಪು, ವಾಯ್ಸ್ ಮೆಸೇಜು ಅಂತ ರಾಶಿ ಬಿದ್ದಿದೆ. ಒಬ್ರು ತಾತ ಮೊಮ್ಮಗಳ ಮಾರ್ಕ್ಸ್ ಕಾರ್ಡ್ ಫೋಟೋ ಕಳ್ಸಿ ಪ್ರಶ್ನೆನೇ ಕೇಳಿಲ್ಲ, ಸುಮ್ನೆ ತೋರಿಸ್ಬೇಕು ಅನ್ನಿಸಿರ್ಬೇಕು, ನೋಡಿದೆ ತಾತ, ಖುಷಿಯಾಯ್ತು. ಮಿಕ್ಕಿದ್ರಲ್ಲಿ ಕೆಲವಕ್ಕೆ ಇಲ್ಲಿ ಉತ್ತರ. ಹೆಸರು ಹಾಕಿಲ್ಲ, ಊರು ಮಾತ್ರ.

ಟೀಚರ್, ನಂಗೆ 591 ಬಂದಿದೆ. ನಂಗೆ ಇಷ್ಟ ಇರೋದು ಎಕನಾಮಿಕ್ಸು, ಹಿಸ್ಟರಿ. ಮನೇಲಿ "ಇಷ್ಟು ಮಾರ್ಕ್ಸ್ ತಗೊಂಡು ಆರ್ಟ್ಸಾ?" ಅಂತ ಅಮ್ಮ ಮಾತೇ ಬಿಟ್ಟಿದಾರೆ. ಚಿಕ್ಕಪ್ಪ ಅಂತೂ ಸೈನ್ಸ್ ಅಪ್ಲಿಕೇಶನ್ ತಂದಿಟ್ಟಾಗಿದೆ. ಏನ್ ಮಾಡ್ಲಿ? (ತಿಪಟೂರು)

ಮೊದ್ಲು ನಿಂಗೊಂದು ಕೋಡುಬಳೆ ಪ್ಯಾಕೆಟ್ ಬಾಕಿ ಇದೆ ನನ್ನಿಂದ, 591 ಅಂದ್ರೆ ತಮಾಷೆ ಅಲ್ಲ.

ಜೇಬಲ್ಲಿ ಜಾಸ್ತಿ ದುಡ್ಡಿದೆ ಅಂತ ಅಂಗಡೀಲಿರೋ ಅತಿ ದುಬಾರಿ ಸೀರೆನೇ ತಗೋಬೇಕಾ, ಅದು ನಿಂಗೆ ಒಪ್ಪದೇ ಇದ್ರೂ? ಅಮ್ಮಂಗೆ ಇದನ್ನೇ ಕೇಳು, ಆದ್ರೆ ಜಗಳದ ದನೀಲಿ ಬೇಡ. ಅಮ್ಮ ಹೇಳೋದ್ರಲ್ಲೂ ಒಂದು ನಿಜ ಇದೆ, ಅದನ್ನ ಮುಚ್ಚಿಟ್ರೆ ನಾನು ಸುಳ್ಳು ಹೇಳ್ದಂಗಾಗತ್ತೆ. ಪಿಯುಸಿ ಸೈನ್ಸ್ ಮಾಡಿದೋರು ಆಮೇಲೆ ಬಿಎ ಬಿಕಾಂ ಯಾವ್ದಕ್ಕಾದ್ರೂ ಬರಬಹುದು, ಆರ್ಟ್ಸ್ ಮಾಡಿದೋರು ಎಂಬಿಬಿಎಸ್‌ಗೋ ಇಂಜಿನಿಯರಿಂಗ್‌ಗೋ ಹೋಗಕ್ಕಾಗಲ್ಲ. ಅದಕ್ಕೇ ಎಲ್ರೂ "ಸೇಫ್ಟಿಗೆ ಸೈನ್ಸ್ ತಗೋ" ಅನ್ನೋದು. ಆದ್ರೆ ಆ ಸೇಫ್ಟಿಗೂ ರೇಟ್ ಇದೆಯಲ್ಲ, ಎರಡು ವರ್ಷ ದಿನಾ ಫಿಸಿಕ್ಸು ಕೆಮಿಸ್ಟ್ರಿ ಲ್ಯಾಬು ರೆಕಾರ್ಡು ಟ್ಯೂಷನ್ನು, ಇಷ್ಟ ಇಲ್ದಿರೋ ಹುಡುಗಿಗೆ ಅದೇನು ಕಮ್ಮಿ ರೇಟಲ್ಲ, 591 ತಗೊಂಡೋಳು ಸೆಕೆಂಡ್ ಪಿಯುಲಿ ಅರವತ್ತು ಪರ್ಸೆಂಟಿಗೆ ಇಳಿದು ತಲೆ ತಗ್ಗಿಸ್ಕೊಂಡು ಓಡಾಡಿದ್ದನ್ನ ನಾನು ಒಂದ್ಸಲ ಅಲ್ಲ ಹತ್ಸಲ ನೋಡಿದೀನಿ.

ಒಂದು ಕೆಲಸ ಮಾಡು. ನಿಮ್ಮ ಬೀದೀಲಿ ಯಾರಾದ್ರೂ ಅಕ್ಕ ಅಣ್ಣ ಪಿಯುಸಿ ಮುಗಿಸಿರ್ತಾರೆ, ಅವರತ್ರ ಸೈನ್ಸಿನ ಫಿಸಿಕ್ಸ್ ಪುಸ್ತಕ ಒಂದು, ಎಕನಾಮಿಕ್ಸ್ ಪುಸ್ತಕ ಒಂದು ಇಸ್ಕೋ. ಒಂದು ವಾರ ಇದು, ಒಂದು ವಾರ ಅದು, ಎರಡೆರಡು ಪಾಠ ಓದು, ಹಿಂದಿರೋ ಪ್ರಶ್ನೆ ಬಿಡಿಸು. ಯಾವ ಪುಸ್ತಕ ಓದ್ವಾಗ ಗಂಟೆ ನೋಡ್ಕೊಂಡಿಲ್ವೋ ಗೊತ್ತಾಗತ್ತೆ. ಅಮ್ಮನ ಎದುರಿಗೇ ಓದು, ಅವರಿಗೂ ಕಾಣ್ಲಿ.

ಆಮೇಲೆ ಆರ್ಟ್ಸ್ ಅಂದ್ರೆ ಒಂದೇ ಅಲ್ಲಮ್ಮ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ ಸೇರಿದ್ರೆ ಹೆಚ್‌ಇಪಿಎಸ್. ಕಾಮರ್ಸಲ್ಲಿ ಹಿಸ್ಟರಿ, ಎಕನಾಮಿಕ್ಸ್ ಜೊತೆ ಬಿಸಿನೆಸ್ ಸ್ಟಡೀಸು ಅಕೌಂಟೆನ್ಸಿ ಸೇರಿದ್ರೆ ಹೆಚ್‌ಇಬಿಎ. ನಿಂಗೆ ಹಿಸ್ಟರಿ ಎಕನಾಮಿಕ್ಸ್ ಎರಡೂ ಬೇಕು, ಅಮ್ಮಂಗೆ "ಕಾಮರ್ಸ್" ಅಂತ ನೆಂಟರಿಗೆ ಹೇಳ್ಕೊಳೋ ಹಂಗಿರ್ಬೇಕು ಅಂದ್ರೆ ಹೆಚ್‌ಇಬಿಎ ಹತ್ರ ಇಬ್ರಿಗೂ ರಾಜಿ ಆಗಬಹುದು (ಇದು ಸ್ವಲ್ಪ ಕಿತಾಪತಿ ಸಲಹೆ, ಆದ್ರೆ ಎಷ್ಟೋ ಮನೇಲಿ ಕೆಲಸ ಮಾಡಿದೆ). ಬೆಂಗಳೂರಿನ ನಾಗರಭಾವೀಲಿರೋ ನ್ಯಾಷನಲ್ ಲಾ ಸ್ಕೂಲಿಗೆ ಐದು ವರ್ಷದ ಕೋರ್ಸಿಗೆ ಕ್ಲಾಟ್ ಅನ್ನೋ ಎಂಟ್ರೆನ್ಸ್ ಪರೀಕ್ಷೆ ಬರೀಬೇಕು, ಅದಕ್ಕೆ ಪಿಯುಲಿ ಯಾವ ವಿಷಯ ಓದಿದ್ರೂ ಆಗತ್ತೆ. ಸಿಎ ಫೌಂಡೇಶನ್ನಿಗೂ ಹಾಗೇ. ಐಎಎಸ್ ಕೆಎಎಸ್ಸಿಗೆ ಯಾವ ಡಿಗ್ರಿ ಆದ್ರೂ ಸಾಕು. ಇದನ್ನೆಲ್ಲ ಚಿಕ್ಕಪ್ಪಂಗೆ ಹೇಳು, ಅಪ್ಲಿಕೇಶನ್ ವಾಪಸ್ ಮಾಡೋ ಶ್ರಮನೂ ಅವರೇ ತಗೊಳ್ಲಿ.

ನಮಸ್ಕಾರ್ರಿ ಟೀಚರ್. ನನ್ನ ಮಗಗ 58 ಪರ್ಸೆಂಟ್ ಆಗೇತ್ರಿ. ಐಟಿಐ ಮಾಡ್ತೀನಿ, ಇಲೆಕ್ಟ್ರಿಷಿಯನ್ ಆಕ್ಕೀನಿ ಅಂತಾನ. ನಮ್ಮ ಅಣ್ಣನ ಮಗ ಇಂಜಿನಿಯರಿಂಗ್ ಓದಾಕತ್ಯಾನ್ರಿ. ನಾಕು ಮಂದ್ಯಾಗ ಐಟಿಐ ಅಂತ ಹ್ಯಾಂಗ ಹೇಳೂದ್ರಿ? ಸೈನ್ಸಿಗೆ ಹಚ್ಚಲೇನು? (ಗದಗ)

ಬೇಡ್ರೀ ಸರ್. ಹುಡುಗ ತಾನಾಗೇ ಇಂಥದ್ದು ಬೇಕು ಅಂತ ಬಾಯ್ಬಿಟ್ಟು ಹೇಳಿದಾನಲ್ಲ, ಆ ವಯಸ್ಸಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು "ಗೊತ್ತಿಲ್ಲ" ಅಂತಾರೆ. ಮನೇಲಿ ಫ್ಯಾನ್ ರೆಗ್ಯುಲೇಟರ್ ಬಿಚ್ಚಿ ಹಾಕಿದ್ದು, ಮೋಟರ್ ಪಂಪ್ ಸ್ಟಾರ್ಟರ್ ರಿಪೇರಿ ನೋಡ್ತಾ ನಿಂತಿದ್ದು ಏನಾದ್ರೂ ಇದ್ಯಾ ನೆನಪು ಮಾಡ್ಕೊಳಿ, ಇದ್ರೆ ಇನ್ನು ಯೋಚನೆನೇ ಬೇಡ.

ನಿಮ್ಗೆ ಗೊತ್ತಿರ್ಲಿ, ಐಟಿಐಗೆ ಹೋದ್ರೆ ಮುಂದಿನ ಬಾಗಿಲು ಮುಚ್ಚಲ್ಲ. ಇಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಟ್ರೇಡು, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದೋರು ಡಿಪ್ಲೊಮಾ ಸೆಕೆಂಡ್ ಇಯರಿಗೆ ನೇರ ಸೇರೋ ದಾರಿ ಇದೆ. ಡಿಪ್ಲೊಮಾ ಮುಗಿದ್ಮೇಲೆ ಡಿಸಿಇಟಿ ಅಂತ ಪರೀಕ್ಷೆ ಬರೆದ್ರೆ ಬಿಇ ಎರಡನೇ ವರ್ಷಕ್ಕೆ ಸೀಟು. ಅಂದ್ರೆ ನಿಮ್ಮ ಅಣ್ಣನ ಮಗ ಇರೋ ಕ್ಲಾಸಿಗೇ ಇವ್ನೂ ಹೋಗ್ಬಹುದು, ಸ್ವಲ್ಪ ತಡವಾಗಿ, ಆದ್ರೆ ಕೈಯಲ್ಲಿ ಕೆಲಸ ಇಟ್ಕೊಂಡು. ಐಟಿಐ ಬೇಡ ಅನ್ನಿಸಿದ್ರೆ ನೇರ ಮೂರು ವರ್ಷದ ಡಿಪ್ಲೊಮಾನೂ ಇದೆ, ಜಿಟಿಟಿಸಿ ಅನ್ನೋ ಸರ್ಕಾರಿ ಸಂಸ್ಥೇಲಿ ಟೂಲ್ ಅಂಡ್ ಡೈ ಮೇಕಿಂಗ್ ಅಂತ ಎಸ್ಸೆಸ್ಸೆಲ್ಸಿ ಆದೋರಿಗೇ ಇರೋ ಕೋರ್ಸಿದೆ, ಅದು ಮಾಡಿದ ಹುಡುಗರು ಕೆಲಸಕ್ಕೆ ಅಲೆದಿದ್ದು ನಾನು ಕಂಡಿಲ್ಲ. ಅದ್ರ ಬಗ್ಗೆನೂ ಒಂದ್ಸಲ ಕೇಳ್ನೋಡಿ.

ಒಂದೇ ಎಚ್ಚರಿಕೆ. ಊರೂರಲ್ಲಿ ಪ್ರೈವೇಟ್ ಐಟಿಐ ಇವೆ, ಬೋರ್ಡ್ ನೋಡಿ ಸೇರಿಸ್ಬೇಡಿ. ಕೇಂದ್ರ ಸರ್ಕಾರದ ಮಾನ್ಯತೆ (ಎನ್‌ಸಿವಿಟಿ ಅಂತಾರೆ) ಆ ಟ್ರೇಡಿಗೇ ಇದ್ಯಾ ಕೇಳಿ, ಕಾಗದ ತೋರ್ಸಿ ಅನ್ನಿ. ಆಮೇಲೆ ವರ್ಕ್‌ಶಾಪ್ ಒಳಗೆ ಹೋಗಿ ಮೆಷಿನ್ ಮೇಲೆ ಕೈಯಿಡಿ. ಕೈಗೆ ಎಣ್ಣೆ ಜಿಡ್ಡು ಹತ್ತಿದ್ರೆ ಸರಿ, ಧೂಳು ಹತ್ತಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ನಾಕು ಮಂದ್ಯಾಗ ಹ್ಯಾಂಗ ಹೇಳೂದು ಅಂದ್ರಲ್ಲ, ಆ ನಾಕು ಮಂದಿ ಮನೇಲಿ ರಾತ್ರಿ ಕರೆಂಟ್ ಹೋದಾಗ ಯಾರಿಗೆ ಫೋನ್ ಮಾಡ್ತಾರೆ ಅಂತ ನೋಡೋಣ ಬಿಡಿ.

ಮಿಸ್, ನಾನು ಒಂದರಿಂದ ಹತ್ತರವರೆಗೂ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ವಿಜ್ಞಾನದಲ್ಲಿ 94 ಬಂದಿದೆ. ಸೈನ್ಸ್ ತಗೊಂಡ್ರೆ ಎಲ್ಲಾ ಇಂಗ್ಲಿಷಲ್ಲಿ, ಅರ್ಥ ಆಗ್ದೆ ಫೇಲಾಗ್ತೀಯ ಅಂತ ಫ್ರೆಂಡ್ಸ್ ಹೆದರಿಸ್ತಾರೆ. ಭಯ ಆಗ್ತಿದೆ. (ಮಳವಳ್ಳಿ ತಾಲೂಕಿನ ಒಂದು ಹಳ್ಳಿ)

ಭಯ ಆಗೋದು ಸರಿನೇ ಕಣಪ್ಪ, ಮೊದಲ ಮೂರು ತಿಂಗಳು ಕಷ್ಟನೇ. ಲೆಕ್ಚರರ್ "ರೆಸಿಸ್ಟೆನ್ಸ್" ಅಂತಿರ್ತಾರೆ, ನಿನ್ ತಲೇಲಿ "ರೋಧ" ಅಂತ ಇರತ್ತೆ, ಎರಡೂ ಒಂದೇ ಅಂತ ಗೊತ್ತಾಗೋ ಹೊತ್ತಿಗೆ ಅವರು ಮುಂದಿನ ಪೇಜಿಗೆ ಹೋಗಿರ್ತಾರೆ. ನಿಂಗೆ ವಿಜ್ಞಾನ ಗೊತ್ತಿದೆ, ಗೊತ್ತಿಲ್ದೆ ಇರೋದು ಒಂದಿಷ್ಟು ಪದ, ಅಷ್ಟೇ ವ್ಯತ್ಯಾಸ. ಈಗ್ಲೇ ಒಂದು ಇನ್ನೂರು ಪೇಜಿನ ನೋಟ್ ಬುಕ್ ತಗೊಂಡು ನಡುವೆ ಗೆರೆ ಎಳಿ. ಈ ಕಡೆ ವೇಗೋತ್ಕರ್ಷ, ಆ ಕಡೆ ಆಕ್ಸಿಲರೇಶನ್. ಈ ಕಡೆ ದ್ಯುತಿಸಂಶ್ಲೇಷಣೆ, ಆ ಕಡೆ ಫೋಟೋಸಿಂಥೆಸಿಸ್. ನಿನ್ನ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ, ಅದೇ ಪುಸ್ತಕದ ಇಂಗ್ಲಿಷ್ ಮೀಡಿಯಂ ಕಾಪಿ, ಎರಡನ್ನೂ ಪಕ್ಕಪಕ್ಕ ಇಟ್ಕೋ. ಪಾಠ ನಿಂಗೆ ಬರತ್ತಲ್ಲ, ಹಂಗಾಗಿ ಇಂಗ್ಲಿಷ್ ತಾನಾಗೇ ಅರ್ಥ ಆಗ್ತಾ ಹೋಗತ್ತೆ. ಕಾಲೇಜ್ ಶುರುವಾಗೋ ಹೊತ್ತಿಗೆ ನಾನೂರು ಪದ ಆದ್ರೆ ಅರ್ಧ ಯುದ್ಧ ಗೆದ್ದಂಗೆ. ಇನ್ನೊಂದು, ಪಿಯುಸಿ ಫಿಸಿಕ್ಸಿನಂಥ ಪ್ರಶ್ನೆಪತ್ರಿಕೆ ಕನ್ನಡ ಇಂಗ್ಲಿಷ್ ಎರಡರಲ್ಲೂ ಅಚ್ಚಾಗಿರತ್ತೆ, ಇದನ್ನ ನಿನ್ನ ಫ್ರೆಂಡ್ಸಿಗೆ ಯಾರೂ ಹೇಳಿಲ್ಲ ಅನ್ಸತ್ತೆ.

ನಿನ್ನಂಥದೇ ಹಳ್ಳಿ ಹುಡುಗನೊಬ್ಬನ ಕಥೆ ಕೇಳು. ಗೌರಿಬಿದನೂರು ಹತ್ರ ಹೊಸೂರು ಅಂತ ಹಳ್ಳಿ. ಅಲ್ಲಿಯ ಬಡ ಮನೆ ಹುಡುಗ ಬೆಂಗಳೂರಿಗೆ ಬಂದು ಹಾಸ್ಟೆಲಲ್ಲಿದ್ದು ಓದಿ, ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟೀಲಿ ನ್ಯೂಕ್ಲಿಯರ್ ಫಿಸಿಕ್ಸಲ್ಲಿ ಪಿಎಚ್‌ಡಿ ಮಾಡಿ, ವಾಪಸ್ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದೇ ಎಚ್. ನರಸಿಂಹಯ್ಯನವರು. ಅಷ್ಟೆಲ್ಲಾ ಆದ್ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಇದ್ರು.

ಈಗ ಭಯದ ಮಾತು ಬಿಟ್ಟು ಲಾಭದ ಮಾತು. ಸಿಇಟೀಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೋರಿಗೆ ಶೇಕಡಾ 5, ಗ್ರಾಮೀಣ ಪ್ರದೇಶದಲ್ಲಿ ಓದಿದೋರಿಗೆ ಶೇಕಡಾ 15 ಮೀಸಲಾತಿ ಇದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಹೆಡ್‌ಮಾಸ್ಟ್ರು ಬರ್ಕೊಟ್ಟಿದ್ದಕ್ಕೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಆಗ್ಬೇಕು. ಎರಡು ವರ್ಷ ಬಿಟ್ಟು ಸಿಇಟಿ ಟೈಮಲ್ಲಿ ಓಡಾಡಕ್ಕೆ ಹೋದ್ರೆ ಹೆಡ್‌ಮಾಸ್ಟ್ರು ಟ್ರಾನ್ಸ್‌ಫರ್ ಆಗಿರ್ತಾರೆ, ಹಳೇ ದಾಖಲೆ ಪುಸ್ತಕ ಯಾವ ಬೀರೂಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಟಿಸಿ ತಗೊಳಕ್ಕೆ ಹೋದಾಗ್ಲೇ ಈ ಮಾತು ಎತ್ತು. ನಾಲ್ಕನೇ ಕ್ಲಾಸ್ ಒಂದು ಕಡೆ, ಐದನೇ ಕ್ಲಾಸ್ ಇನ್ನೊಂದು ಕಡೆ ಓದಿದ್ರೆ ಎರಡೂ ಶಾಲೇದು ಬೇಕು.

ಮಗ ಎರಡು ವಿಷಯದಲ್ಲಿ ಹೋಗ್ಬಿಟ್ಟಿದಾನೆ ಮೇಡಂ. ರೂಮಿಂದ ಹೊರಗೇ ಬರ್ತಿಲ್ಲ, ಊಟ ಸರಿಯಾಗಿ ಮಾಡ್ತಿಲ್ಲ. ಅವನ ಅಪ್ಪ ಬೈತಾನೇ ಇದಾರೆ. (ಶಿವಮೊಗ್ಗದ ಒಬ್ಬ ತಾಯಿ)

ಅಮ್ಮಾ, ಮೊದಲ ಕೆಲಸ ಯಜಮಾನರ ಬೈಗುಳ ನಿಲ್ಸೋದು. ಬೇಕಾದ್ರೆ ಈ ಪುಟ ಅವರ ಕಾಫಿ ಲೋಟದ ಪಕ್ಕ ಇಡಿ. ಸ್ವಾಮಿ, ನೀವು ಬೈಯೋದನ್ನೆಲ್ಲ ಅವ್ನು ಆಗ್ಲೇ ಅವನಿಗೆ ಅವ್ನೇ ಬೈಕೊಂಡಿರ್ತಾನೆ.

ಅವನ ಪಕ್ಕ ಸುಮ್ನೆ ಕೂತ್ಕೊಳಿ. ಪರೀಕ್ಷೆ ಮಾತು ಬೇಡ, ಟೀವೀಲಿ ಕ್ರಿಕೆಟ್ ಹಾಕಿ. "ನಾನಿದ್ದು ಏನ್ ಪ್ರಯೋಜನ" ಅನ್ನೋ ಥರ ಒಂದು ಮಾತು ಬಂದ್ರೂ ತಮಾಷೆ ಅಂತ ಬಿಡ್ಬೇಡಿ, ಒಬ್ಬನ್ನೇ ಬಿಡ್ಲೂ ಬೇಡಿ, 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಪರೀಕ್ಷೆ. 2024ರಿಂದ ಸಪ್ಲಿಮೆಂಟರಿ ಅನ್ನೋ ಹಳೇ ಹೆಸರೇ ಇಲ್ಲ, ಪರೀಕ್ಷೆ 1, ಪರೀಕ್ಷೆ 2 ಅಂತ ಕರೀತಾರೆ. ಹೋಗಿರೋ ಎರಡೇ ವಿಷಯ ಎರಡನೇ ಪರೀಕ್ಷೇಲಿ ಬರೆದು ಪಾಸಾದ್ರೆ ಇದೇ ವರ್ಷ ಕಾಲೇಜಿಗೆ ಹೋಗ್ತಾನೆ, ವರ್ಷ ದಂಡ ಆಗಲ್ಲ. ಮಾರ್ಕ್ಸ್ ತೀರಾ ಕಮ್ಮಿ ಬಂದಿದೆ ಅಂತ ಅನುಮಾನ ಇದ್ರೆ ಮೊದ್ಲು ಉತ್ತರ ಪತ್ರಿಕೆ ಸ್ಕ್ಯಾನ್ ಕಾಪಿ ತರಿಸಿ, ಆ ವಿಷಯದ ಟೀಚರಿಗೆ ತೋರ್ಸಿ, ಅವ್ರು ಹೌದು ಅಂದ್ರೆ ಮಾತ್ರ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ. ಗಣಿತ ಹೋಗಿದ್ರೆ ನನ್ನ ಅನುಭವದ್ದು ಒಂದು ಮಾತು: ಇರೋ ಮೂರ್ನಾಲ್ಕು ವಾರದಲ್ಲಿ ಇಡೀ ಪುಸ್ತಕ ಓದಿಸ್ಬೇಡಿ. ರೇಖಾತ್ಮಕ ಸಮೀಕರಣದ ನಕ್ಷೆ, ಸಂಖ್ಯಾಶಾಸ್ತ್ರ, ಥೇಲ್ಸ್ ಪ್ರಮೇಯ, ವೃತ್ತದ ಸ್ಪರ್ಶಕ, ಇಷ್ಟನ್ನ ದಿನಾ ಮಾಡಿಸಿ. ಗ್ರಾಫ್ ಶೀಟ್ ಕಂಡ್ರೆ ಕೈ ನಡುಗದೇ ಇದ್ರೆ ಸಾಕು, ಪಾಸಾಗ್ತಾನೆ.

ನನ್ನ ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಹೆಸರಲ್ಲಿ ಒಂದಕ್ಷರ ತಪ್ಪಿದೆ. ಆಧಾರಲ್ಲಿ ಸರಿ ಇದೆ. ಪರವಾಗಿಲ್ವಾ? (ಹಾಸನ)

ಪರವಾಗಿದೆ! ಇವತ್ತೇ ಹೈಸ್ಕೂಲಿಗೆ ಹೋಗು. ತಿದ್ದುಪಡಿ ಅರ್ಜಿ ಹೆಡ್‌ಮಾಸ್ಟ್ರ ಮೂಲಕನೇ ಬೋರ್ಡಿಗೆ ಹೋಗ್ಬೇಕು.

ಈ ಕಾರ್ಡಲ್ಲಿರೋ ಮಾರ್ಕ್ಸನ್ನ ಪಿಯುಸಿ ಮುಗಿದ್ಮೇಲೆ ಯಾರೂ ಹೆಚ್ಚಾಗಿ ತಿರುಗಿ ನೋಡಲ್ಲ, ಆದ್ರೆ ಹೆಸರು ಮತ್ತೆ ಹುಟ್ಟಿದ ತಾರೀಕು ಇದ್ಯಲ್ಲ, ಅದು ಪಾಸ್‌ಪೋರ್ಟಿಂದ ಹಿಡಿದು ಪೆನ್ಷನ್ ತನಕ ಬೆನ್ನು ಬಿಡಲ್ಲ. ನನ್ನ ಕಥೆನೇ ಕೇಳು. ನಾನು ಹುಟ್ಟಿದ್ದು ದೀಪಾವಳಿ ಆಗಿ ಎಂಟು ದಿನಕ್ಕೆ ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ರು. ಒಂದನೇ ಕ್ಲಾಸಿಗೆ ಸೇರಿಸ್ವಾಗ ಮೇಷ್ಟ್ರು ಕೈಬೆರಳು ಎಣಿಸಿ ಜೂನ್ 1 ಅಂತ ಬರ್ಕೊಂಡ್ರು, ಆ ಕಾಲದಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೋರು. ಅದೇ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಬಂತು. ತಿಂಗಳ ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆ ದಿನನೇ ರಿಟೈರ್ ಆಗ್ಬೇಕು, ಹಂಗಾಗಿ ಮೇ 31ಕ್ಕೆ ನಂಗೆ ಹಾರ ಹಾಕಿ ಕಳ್ಸಿದ್ರು. ಅಮ್ಮನ ಲೆಕ್ಕದಲ್ಲಿ ಇನ್ನೂ ಐದಾರು ತಿಂಗಳ ಸಂಬಳ ಬಾಕಿ ಇತ್ತು! ಆ ಮೇಷ್ಟ್ರ ಮೇಲೆ ಈಗ ಕೋಪ ಇಲ್ಲ, ಅಕ್ಷರ ಕಲಿಸಿದೋರು, ಆದ್ರೆ ದೀಪಾವಳಿ ಬಂದಾಗೆಲ್ಲ ಒಂದ್ಸಲ ಲೆಕ್ಕ ಹಾಕ್ತೀನಿ.

ಸರಿ ಮಾಡಿಸಿದ್ಮೇಲೆ ನಾಲ್ಕು ಜೆರಾಕ್ಸ್ ಮಾಡ್ಸಿಡು, ಡಿಜಿಲಾಕರಲ್ಲೂ ಇಟ್ಕೋ, ಮತ್ತೆ ದಯವಿಟ್ಟು ಒರಿಜಿನಲ್‌ಗೆ ಲ್ಯಾಮಿನೇಶನ್ ಮಾಡಿಸ್ಬೇಡ, ಹಿಂದೆ ಸೀಲ್ ಹಾಕಕ್ಕಾಗಲ್ಲ. ಜಾತಿ ಆದಾಯ ಪ್ರಮಾಣಪತ್ರಾನೂ ಈಗ್ಲೇ ನಾಡಕಚೇರೀಲಿ ಮಾಡಿಸ್ಕೋ. ಎಸ್‌ಎಸ್‌ಪಿ ಪೋರ್ಟಲಲ್ಲಿ ಸ್ಕಾಲರ್‌ಶಿಪ್ ಹಾಕ್ವಾಗ ಅದ್ರ ಮೇಲಿರೋ ಆರ್‌ಡಿ ನಂಬರ್ ಕೇಳತ್ತೆ, ಹೆಸರು ಆಧಾರಿಗೆ ಹೊಂದಿಲ್ಲ ಅಂದ್ರೆ ಅಲ್ಲೂ ಸಿಕ್ಕಾಕೊಳತ್ತೆ.

ನಂಗೆ 16 ವರ್ಷ. 71 ಪರ್ಸೆಂಟ್ ಬಂದಿದೆ. ಓದಬೇಕು ಅಂತ ಆಸೆ. ಕಾಲೇಜು 14 ಕಿಲೋಮೀಟರ್ ದೂರ ಅಂತ ಮನೇಲಿ ಬೇಡ ಅಂತಿದಾರೆ. ಸೋದರಮಾವನ ಕಡೆಯಿಂದ ಮದುವೆ ಮಾತು ನಡೀತಿದೆ. (ಕೊಪ್ಪಳ ಜಿಲ್ಲೆ)

ಮಗಳೇ, ಈ ಪತ್ರ ಬರೆದಿದ್ದೇ ದೊಡ್ಡ ಧೈರ್ಯ.

ಮೊದ್ಲು ಕಾನೂನು, ಯಾಕಂದ್ರೆ ನಿಂಗೆ ಅದು ಗೊತ್ತಿರ್ಲೇಬೇಕು. 18 ತುಂಬದ ಹುಡುಗಿ ಮದುವೆ ಮಾಡೋದು ಅಪರಾಧ, ಕರ್ನಾಟಕದಲ್ಲಿ ಅಂಥ ಮದುವೆ ನಡೆದ್ರೂ ಮೊದಲಿಂದಲೇ ಅಸಿಂಧು. ಮಾಡಿಸಿದೋರು, ಮಾಡಿದೋರು, ಮಂತ್ರ ಹೇಳಿದೋರು ಎಲ್ಲರ ಮೇಲೂ ಕೇಸು ಬೀಳತ್ತೆ. ದಿನಾಂಕ ಗೊತ್ತು ಮಾಡೋ ಮಟ್ಟಕ್ಕೆ ಹೋದ್ರೆ 1098ಕ್ಕೆ ಫೋನ್ ಮಾಡು, ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರತ್ತೆ. ಅಂಗನವಾಡಿ ಟೀಚರಿಗೆ ಹೇಳಿದ್ರೂ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಸುದ್ದಿ ಮುಟ್ಟತ್ತೆ.

ಆದ್ರೆ ಅಲ್ಲಿವರೆಗೆ ಹೋಗೋ ಮುಂಚೆ ಒಂದು ದಾರಿ ಇದೆ, ನಾನು ಸರ್ವೀಸಲ್ಲಿದ್ದಾಗ ಏಳೆಂಟು ಮನೇಲಿ ಮಾಡಿದೀನಿ. ನಿನ್ನ ಹೈಸ್ಕೂಲಿನ ಒಬ್ಬ ಮೇಡಂ ಮತ್ತೆ ಹೆಡ್‌ಮಾಸ್ಟ್ರು ಇಬ್ರನ್ನೂ ಮನೆಗೆ ಕರಿ. ಮದುವೆ ನಿಲ್ಸಕ್ಕೆ ಬಂದೀವಿ ಅಂತ ಬರೋದು ಬೇಡ, "ಮಗಳು ಚೆನ್ನಾಗಿ ಪಾಸಾಗಿದಾಳೆ, ಅಭಿನಂದನೆ ಹೇಳಕ್ಕೆ ಬಂದ್ವಿ" ಅಂತ ಬರ್ಲಿ, ಒಂದು ಹೂವಿನ ಹಾರ ತರ್ಲಿ. ಅಪ್ಪ ಚಾ ಮಾಡ್ಸೇ ಮಾಡಿಸ್ತಾರೆ. ಚಾ ಕುಡೀತಾ ಕಾಲೇಜಿನ ಮಾತು ತಾನಾಗೇ ಬರತ್ತೆ. ಊರವರ ಮುಂದೆ ಹಾರ ಹಾಕಿಸ್ಕೊಂಡ ಮಗಳನ್ನ ಮಾರನೇ ದಿನ ಓದು ಬಿಡಿಸೋದು ಅಪ್ಪಂಗೆ ಅಷ್ಟು ಸುಲಭ ಅಲ್ಲ.

ಅಪ್ಪನ ನಿಜವಾದ ಭಯ ಏನು ಅಂತ ಕೇಳ್ಕೋ, ದುಡ್ಡೋ, ದಾರೀಲಿ ಹುಡುಗರ ಕಾಟವೋ. ದುಡ್ಡಾದ್ರೆ, 2023ರ ಜೂನಿಂದ ಶಕ್ತಿ ಯೋಜನೇಲಿ ಮಾಮೂಲಿ ಸರ್ಕಾರಿ ಬಸ್ಸಲ್ಲಿ ನಿಂಗೆ ಟಿಕೆಟ್ ಇಲ್ಲ, ಆ 14 ಕಿಲೋಮೀಟರಿಗೆ ಖರ್ಚು ಸೊನ್ನೆ. ದಾರಿ ಭಯ ಆದ್ರೆ, ಸಮಾಜ ಕಲ್ಯಾಣ ಇಲಾಖೆದು, ಬಿಸಿಎಂ ಅಂದ್ರೆ ಹಿಂದುಳಿದ ವರ್ಗಗಳ ಇಲಾಖೆದು ಮೆಟ್ರಿಕ್ ನಂತರದ ಹುಡುಗಿಯರ ಹಾಸ್ಟೆಲ್ ಇರತ್ತೆ, ಊಟ ವಸತಿ ಅಲ್ಲೇ. ನಿಮ್ಮೂರಿಂದ ಇನ್ನಿಬ್ರು ಹುಡುಗೀರು ಜೊತೆ ಬಂದ್ರಂತೂ ಅರ್ಧ ಜಗಳ ಮುಗೀತು, ಅವರ ಮನೆಗೂ ಹೋಗಿ ಮಾತಾಡು. ಕೊಪ್ಪಳ ಅಂದ್ರೆ ಕಲ್ಯಾಣ ಕರ್ನಾಟಕ, ಈ ಭಾಗದೋರಿಗೇ ಅಂತ ಸಂವಿಧಾನದ 371ಜೆ ಮೀಸಲಾತಿ ಇದೆ, ಮುಂದೆ ನರ್ಸಿಂಗಿಗೋ ಡಿಗ್ರಿಗೋ ಕೆಲಸಕ್ಕೋ ಹೋಗ್ವಾಗ ಅದರ ಸರ್ಟಿಫಿಕೇಟ್ ಚಿನ್ನ. ಇದನ್ನ ಅಪ್ಪಂಗೆ ಹೆಡ್‌ಮಾಸ್ಟ್ರ ಬಾಯಲ್ಲಿ ಹೇಳ್ಸು, ನೀನು ಹೇಳಿದ್ರೆ ಕೇಳಲ್ಲ.

ಏನಾಯ್ತು ಅಂತ ನಂಗೆ ಇನ್ನೊಂದು ಪತ್ರ ಬರೀಲೇಬೇಕು.

ಇಂಟಿಗ್ರೇಟೆಡ್ ಕಾಲೇಜು, ಪಿಯುಸಿ ಜೊತೆ ನೀಟ್ ಕೋಚಿಂಗು, ಎರಡು ವರ್ಷಕ್ಕೆ ಕೇಳ್ತಿರೋ ಫೀಸಿಗೆ ಸೈಟ್ ಮಾರ್ಬೇಕು. ಮಾರ್ಲಾ? (ತುಮಕೂರು)

ಸೈಟ್ ಇರ್ಲಿ ಬಿಡಿ. ಮಗುಗೆ ಡಾಕ್ಟರ್ ಆಗೋ ಆಸೆ ಇದ್ಯಾ ಅಂತ ನೀವು ಪತ್ರದಲ್ಲಿ ಎಲ್ಲೂ ಬರ್ದಿಲ್ಲ, ಫೀಸಿನ ಬಗ್ಗೆ ಮಾತ್ರ ಒಂದೂವರೆ ಪುಟ ಇದೆ. ಮೊದ್ಲು ಅದನ್ನ ಕೇಳಿ. ಆಮೇಲೆ ಆ ಕಾಲೇಜಿನ ಫ್ಲೆಕ್ಸಲ್ಲಿರೋ ಹತ್ತು ಫೋಟೋ ಬಿಟ್ಟು ಮಿಕ್ಕ ಮಕ್ಕಳು ಎಲ್ಲಿದಾರೆ ಅಂತ ವಿಚಾರಿಸಿ, ಹಾಸ್ಟೆಲಲ್ಲಿ ಮಕ್ಕಳು ಎಷ್ಟು ಗಂಟೆ ಮಲಗ್ತಾರೆ ಅಂತನೂ.

ನಮ್ಮದು ನಾಲ್ಕೆಕರೆ ಹೊಲ ಇದೆ, ವ್ಯವಸಾಯನೇ ಓದ್ಬೇಕು ಅಂತಿದೀನಿ. ಎಲ್ರೂ ನಗ್ತಾರೆ. (ಹಾವೇರಿ)

ನಗೋರಿಗೆ ಮೆಣಸಿನಕಾಯಿ ರೇಟ್ ಹೇಳು. ಬಿಎಸ್ಸಿ ಅಗ್ರಿ ಬೇಕಂದ್ರೆ ಪಿಯುಲಿ ಪಿಸಿಎಂಬಿ (ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾತ್ಸು, ಬಯಾಲಜಿ) ತಗೋ, ಬಯಾಲಜಿ ಬಿಡ್ಬೇಡ. ಸಿಇಟಿ ಬರೀಬೇಕು, ರೈತರ ಮಕ್ಕಳ ಕೋಟಾಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಬೆಳೆ, ಸಲಕರಣೆ ಮುಂದಿಟ್ಟು ಗುರುತಿಸು ಅಂತಾರೆ. ಅದಕ್ಕೆ ಕೋಚಿಂಗ್ ಬೇಡ, ಈ ರಜೇಲಿ ಅಪ್ಪನ ಜೊತೆ ಹೊಲಕ್ಕೆ ಹೋಗು, ಕಳೆ ಹೆಸರೂ ಬಿಡದೆ ಕೇಳ್ಕೋ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಿಮಗೆ ಹತ್ರ, ಕೃಷಿ ಮೇಳಕ್ಕೆ ಒಂದ್ಸಲ ಹೋಗ್ಬಾ.

ಪಾಸಾದ್ರೆ ಫೋನ್ ಕೊಡಿಸ್ತೀನಿ ಅಂದಿದ್ದೆ. ಈಗ ಕೊಡಿಸ್ಬೇಕಾ? (ದಾವಣಗೆರೆಯ ಒಬ್ಬ ಅಪ್ಪ)

ಮಾತು ಕೊಟ್ಟೋರು ನೀವು. ಕೊಡ್ಸಿ. ಅಗ್ಗದ್ದು.

ಟೀಚರ್, ಸೆಂಡಾಫ್ ದಿನ ಗ್ರೂಪ್ ಫೋಟೋಲಿ ನಿಲ್ಲೋ ವಿಷಯಕ್ಕೆ ನನ್ನ ಬೆಸ್ಟ್ ಫ್ರೆಂಡ್ ಜೊತೆ ಜಗಳ ಆಯ್ತು. ಪರೀಕ್ಷೆ ಮುಗಿಯೋವರೆಗೂ ಮಾತಾಡಿಲ್ಲ. ಅವಳು ಡಿಪ್ಲೊಮಾಗೆ ಹೋಗ್ತಾಳಂತೆ, ನಾನು ಕಾಮರ್ಸು. ಇನ್ನು ಸಿಗಲ್ಲ. ನನ್ನ ಆಟೋಗ್ರಾಫ್ ಬುಕ್ಕಲ್ಲಿ ಅವಳ ಪೇಜ್ ಖಾಲಿ ಇದೆ. (ಚಿಕ್ಕಮಗಳೂರು)

ಎಂಟನೇ ಕ್ಲಾಸಿಂದ ಒಂದೇ ಬೆಂಚಲ್ಲಿ ಕೂತೋರಿರ್ಬೇಕು ನೀವಿಬ್ರು, ಇಲ್ಲಾಂದ್ರೆ ಇಷ್ಟು ಕೋಪ ಬರಲ್ಲ. ಸಾರಿ ಕೇಳು ಅಂತ ನಾನು ಹೇಳಲ್ಲ, ಯಾರದ್ದು ತಪ್ಪು ಅಂತ ನಂಗೊತ್ತಿಲ್ಲ, ಫೋಟೋಲಿ ಯಾರು ಮುಂದೆ ನಿಂತ್ರೋ ಅದೂ ಗೊತ್ತಿಲ್ಲ. ಆದ್ರೆ ಟಿಸಿ, ಮಾರ್ಕ್ಸ್ ಕಾರ್ಡ್ ತಗೊಳಕ್ಕೆ ಇಬ್ರೂ ಶಾಲೆಗೆ ಹೋಗ್ಲೇಬೇಕಲ್ಲ, ಆಫೀಸ್ ಮುಂದೆ ಒಂದು ಗಂಟೆನಾದ್ರೂ ಕಾಯ್ಲೇಬೇಕಲ್ಲ. "ಟಿಸಿ ತಗೊಳಕ್ಕೆ ಯಾವತ್ತು ಹೋಗ್ತೀಯ?" ಅಂತ ಅಷ್ಟೇ ಒಂದು ಮೆಸೇಜ್ ಹಾಕು. ಆಟೋಗ್ರಾಫ್ ಬುಕ್ಕು ಮರೀದೆ ಬ್ಯಾಗಲ್ಲಿಟ್ಕೋ, ಜೊತೆಗೆ ಎರಡು ಪೆನ್ನು.